ಮರದೊಳಗಿನ ಎರಡು ನೂಲುಗಳು

ಶಿಲೀಂಧ್ರವೆಂದೊಡನೆ ನಮ್ಮ ಕಣ್ಣಮುಂದೆ ನಿಲ್ಲುವುದು ಮಳೆಗಾಲದ ಅಣಬೆ. ಆದರೆ ಅಣಬೆಯು ಆ ಜೀವಿಯ ಫಲಮಾತ್ರ; ಅದರ ನಿಜವಾದ ಶರೀರವು ಮಣ್ಣಿನಲ್ಲಿಯೋ ಮರದಲ್ಲಿಯೋ ಹರಡಿಕೊಂಡಿರುವ ಸೂಕ್ಷ್ಮವಾದ ಎಳೆಗಳ ಜಾಲ. ಮರದೊಳಗೆ ವಾಸಿಸುವ ಇನ್ನೊಂದು ಜೀವಿಗೆ ವಿಜ್ಞಾನಿಗಳು ನೆಮಟೋಡ್ ಎಂದು ಹೆಸರಿಟ್ಟಿದ್ದಾರೆ. ಗ್ರೀಕ್ ಭಾಷೆಯಲ್ಲಿ ನೇಮ ಎಂದರೆ ನೂಲು. ದುಂಡುಹುಳು ಎಂಬ ಮಾತು ಬಳಕೆಯಲ್ಲಿದ್ದರೂ ನೂಲುಹುಳು ಎಂಬುದೇ ಹೆಚ್ಚು ಒಪ್ಪುವ ಹೆಸರೆಂದು ನನ್ನ ಅಭಿಪ್ರಾಯ. ಈ ಎರಡು ನೂಲುಗಳ ಸಂಬಂಧವು ಕಾಡನ್ನೇ ಬರಿದುಮಾಡಬಲ್ಲುದೆಂಬುದಕ್ಕೆ ಜಪಾನಿನ ಪೈನ್ ಮರಗಳು ಸಾಕ್ಷಿ. (ಅಮರಕೋಶದ ಸರಲವೃಕ್ಷವು ಈ ಕುಲದ್ದೇ, ದೇವದಾರು ಬೇರೆ.)

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ನಾಗಸಾಕಿಯ ಪ್ರಾಂತದಲ್ಲಿ ಪೈನ್ ಮರಗಳು ಕಾರಣ ತಿಳಿಯದೆ ಒಣಗತೊಡಗಿದವು. ಬಹುಕಾಲ ಅಪವಾದವೆಲ್ಲ ತೊಗಟೆ ಕೊರೆಯುವ ದುಂಬಿಗಳ ಮೇಲಿತ್ತು. 1971ರಲ್ಲಿ ಕಿಯೊಹಾರಾ ಮತ್ತು ತೊಕುಶಿಗೆ ಎಂಬ ವಿದ್ವಾಂಸರು ಒಂದು ಮಿಲಿಮೀಟರಿನಷ್ಟು ಉದ್ದದ ನೂಲುಹುಳುಗಳನ್ನು ಆರೋಗ್ಯವಂತ ಮರಗಳಿಗೆ ಸೇರಿಸಿ, ಅವು ಬಾಡುವುದನ್ನು ತೋರಿಸಿಕೊಟ್ಟರು. 1979ರ ಒಂದೇ ವರ್ಷದಲ್ಲಿ ಅಲ್ಲಿ ನಷ್ಟವಾದ ಮರ ಸುಮಾರು 24 ಲಕ್ಷ ಘನಮೀಟರು.

ಈ ಹುಳುವಿಗೆ 1972ರಲ್ಲಿ ಮರವಾಸಿ ಎಂಬರ್ಥದ ಲ್ಯಾಟಿನ್ ಹೆಸರನ್ನಿಟ್ಟರು. 1934ರಲ್ಲಿಯೇ ಅಮೆರಿಕದಲ್ಲಿ ಸ್ಟೈನರ್ ಮತ್ತು ಬೂರರ್ ಎಂಬವರು ಮರಪ್ರಿಯ ಎಂಬರ್ಥದ ಗ್ರೀಕ್ ಹೆಸರಿನಿಂದ ವರ್ಣಿಸಿದ್ದುದೂ ಇದೇ ಹುಳು ಎಂಬುದು 1981ರಲ್ಲಿ ಇತ್ಯರ್ಥವಾಯಿತು. ಅಮೆರಿಕವೇ ಇದರ ತವರು. ಅಲ್ಲಿನ ಪೈನ್‌ಗಳು ಇದನ್ನು ಬಹುಮಟ್ಟಿಗೆ ತಾಳಿಕೊಳ್ಳುತ್ತವೆ. ಜಪಾನಿನವು ತಾಳಲಾರವು.

ಉದ್ದಮೀಸೆಯ ದುಂಬಿಯು ಎಳೆಯ ಕೊಂಬೆಯ ತೊಗಟೆಯನ್ನು ಕಚ್ಚಿದ ಗಾಯದ ಮೂಲಕ ಹುಳುಗಳು ಒಳಹೊಗುತ್ತವೆ. ಅವು ರಾಳನಾಳಗಳ ಜೀವಕೋಶಗಳನ್ನು ಹೀರುವುದರಿಂದ ರಾಳ ನಿಲ್ಲುತ್ತದೆ. ಮೇಲೇರುವ ನೀರಿನ ಎಳೆ ಕಡಿಯುತ್ತದೆ. ಕೆಲವೇ ವಾರಗಳಲ್ಲಿ ಸೂಜಿಯೆಲೆಗಳು ಕಂದುಬಣ್ಣಕ್ಕೆ ತಿರುಗುತ್ತವೆ. ಮರವು ಸತ್ತಮೇಲೆ ಹುಳು ಬದುಕುವುದೆಂತು? ಇಲ್ಲಿಯೇ ಶಿಲೀಂಧ್ರದ ಪ್ರವೇಶ. ಸಾಯುತ್ತಿರುವ ಮರದಲ್ಲಿ ನೀಲಿಕಲೆಯ ಶಿಲೀಂಧ್ರ ಹಬ್ಬುತ್ತದೆ. ಇದರ ದಾಯಾದಿಯೊಂದು ಯೂರೋಪು ಅಮೆರಿಕಗಳ ಎಲ್ಮ್ ಮರಗಳನ್ನು ಕೋಟಿಗಟ್ಟಲೆ ಕೊಂದಿದೆ. ಜಪಾನಿನ ಪೈನಿನಲ್ಲಿ ಮಾತ್ರ ಇದು ಕೊಲೆಗಾರನಿಗೆ ಅನ್ನವಿಕ್ಕುವ ಅಡಿಗೆಯವನು! ಹುಳುವು ಬಾಯಲ್ಲಿರುವ ಸೂಜಿಯಂತಹ ಅಂಗದಿಂದ ಶಿಲೀಂಧ್ರದ ಎಳೆಯನ್ನು ಚುಚ್ಚಿ ರಸ ಹೀರಿ, ಅಸಂಖ್ಯವಾಗಿ ಹೆಚ್ಚುತ್ತದೆ. ಬಳಿಕ ಅದರ ಮರಿಗಳು ಮರದಲ್ಲಿಯೇ ಬೆಳೆಯುತ್ತಿರುವ ದುಂಬಿಯ ಗೂಡಿನ ಸುತ್ತ ನೆರೆದು, ದುಂಬಿಯು ಹೊರಡುವಾಗ ಅದರ ಉಸಿರುನಾಳಗಳನ್ನು ಸೇರಿಕೊಂಡು ಇನ್ನೊಂದು ಮರಕ್ಕೆ ಪಯಣಿಸುತ್ತವೆ. ಒಂದು ದುಂಬಿಯು ಲಕ್ಷಕ್ಕೂ ಮಿಕ್ಕಿ ಮರಿಗಳನ್ನು ಹೊತ್ತದ್ದುಂಟು. ಆದರೆ ಮರದಲ್ಲಿ ನೀಲಿಕಲೆಗೆ ಬದಲಾಗಿ ಟ್ರೈಕೋಡರ್ಮ ಎಂಬ ಶಿಲೀಂಧ್ರವು ನೆಲೆಸಿದ್ದರೆ ಹೊರೆಯು ತೀರ ಕಡಮೆಯಾಗುವುದೆಂದು ಜಪಾನಿನ ಸಂಶೋಧಕರು ಕಂಡುಕೊಂಡಿದ್ದಾರೆ. ಮುಂದಿನ ಬೇಸಗೆಯಲ್ಲಿ ಎಷ್ಟು ಮರಗಳು ಸಾಯುವುವೆಂಬುದು ಹಿಂದಿನ ವರ್ಷ ಸತ್ತ ಮರದೊಳಗೆ ಯಾವ ಶಿಲೀಂಧ್ರವು ಮೊದಲು ಬೇರೂರಿತೆಂಬುದನ್ನೂ ಅವಲಂಬಿಸಿದೆ.

ಉಣ್ಣುವವನನ್ನೇ ಉಣ್ಣುವ ಶಿಲೀಂಧ್ರವೂ ಉಂಟು. 1999ರಲ್ಲಿ ತೈವಾನಿನಿಂದ ವರ್ಣಿತವಾದ ಎಸ್ಟೆಯ ವರ್ಮಿಕೋಲ ಎಂಬುದರ ಬಿದಿಗೆಚಂದ್ರನಾಕಾರದ ಬೀಜಾಣುಗಳು ಹುಳುವಿನ ಮೈಗಂಟಿ, ಒಳನುಗ್ಗಿ, ಅದನ್ನು ಕೊಲ್ಲುತ್ತವೆ. ಈ ಬೇಟೆಗಾರನು ಪೈನ್ ಮರದಲ್ಲಿರುವಂತಹ ಗಂಧದ್ರವ್ಯಗಳನ್ನೇ ಸೂಸಿ ಹುಳುಗಳನ್ನು ಸೆಳೆಯುತ್ತಾನೆ. ಇದನ್ನು ಮೊದಲೇ ಸೇರಿಸಿದ ಪೈನ್ ಸಸಿಗಳು ಪ್ರಯೋಗಗಳಲ್ಲಿ ಹೆಚ್ಚಿನ ಸಂಖ್ಯೆಯಲ್ಲಿ ಉಳಿದುಕೊಂಡಿವೆ. ಹುಳುವಾದರೋ 1999ರಲ್ಲಿಯೇ ಪೋರ್ಚುಗಲ್ಲಿನಲ್ಲಿ ಕಾಣಿಸಿಕೊಂಡಿತು.