ಆಲ್ಟೊ ಕ್ಲಾರಿನೆಟ್: ದೊಡ್ಡವರಾದ ಮೇಲೆ ಕಲಿಯಲು ಹೊರಟವರಿಗೆ

ಕ್ಲಾರಿನೆಟ್ ನಮಗೇನೂ ಹೊಸ ವಾದ್ಯವಲ್ಲ. ಮದುವೆ ಮೆರವಣಿಗೆಯ ಬ್ಯಾಂಡ್‌ಸೆಟ್ಟಿನಲ್ಲಿ, ಮೈಸೂರು ದಸರೆಯ ಪೊಲೀಸ್ ಬ್ಯಾಂಡಿನಲ್ಲಿ ಅದನ್ನು ನೋಡುತ್ತಲೇ ಬೆಳೆದಿದ್ದೇವೆ. ರಾಯಚೂರಿನ ಪಂಡಿತ ನರಸಿಂಹಲು ವಡವಾಟಿಯವರು ಅದರಲ್ಲಿ ಹಿಂದೂಸ್ತಾನಿ ರಾಗಗಳನ್ನು ನುಡಿಸಿ ಹೆಸರಾದವರು. ಕರ್ನಾಟಕ ಸಂಗೀತದಲ್ಲಿ ತಮಿಳುನಾಡಿನ ಎ.ಕೆ.ಸಿ. ನಟರಾಜನ್ ಅವರ ಹೆಸರು ಕೇಳದ ರಸಿಕರು ಕಡಿಮೆ. ಇವರೆಲ್ಲರ ಕೈಯಲ್ಲಿ ನಾವು ಕಂಡದ್ದು ಚಿಕ್ಕ, ನೇರವಾದ ಕ್ಲಾರಿನೆಟ್. ಅದಕ್ಕೊಬ್ಬ ದೊಡ್ಡಣ್ಣ ಇದ್ದಾನೆ. ಮರದ ಅಥವಾ ಪ್ಲಾಸ್ಟಿಕ್ಕಿನ ಉದ್ದನೆಯ ಮೈ, ಮೇಲೆ ಬಾಗಿದ ಲೋಹದ ನೆಕ್, ಕೆಳಗೆ ಮೇಲ್ಮುಖವಾಗಿ ತಿರುಗಿದ ಲೋಹದ ಬೆಲ್. ದೂರದಿಂದ ನೋಡಿದವರು ಸ್ಯಾಕ್ಸೊಫೋನ್ ಎಂದುಕೊಳ್ಳುವುದೇ ಹೆಚ್ಚು. ಅದೇ ಆಲ್ಟೊ ಕ್ಲಾರಿನೆಟ್.

ಇದರ ಮನೆ ನಮ್ಮ ಊರಲ್ಲ, ಪಶ್ಚಿಮದ ಕನ್ಸರ್ಟ್ ಬ್ಯಾಂಡ್. ಅದರಲ್ಲೂ ಅಮೆರಿಕದ ಶಾಲೆ, ಕಾಲೇಜು, ಊರುಮನೆಯ ಬ್ಯಾಂಡುಗಳು. ಅಲ್ಲಿ ನೆಲೆಸಿದ ಕನ್ನಡಿಗರು ಮಕ್ಕಳನ್ನು ಶಾಲೆಯ ಬ್ಯಾಂಡಿಗೆ ಸೇರಿಸಿ, ಕಾರ್ಯಕ್ರಮ ನೋಡಿ ಬಂದು, ‘ನಾನೂ ಏನಾದರೂ ಕಲಿಯಬಹುದೇ?’ ಎಂದು ಕೇಳುತ್ತಾರೆ. ಖಂಡಿತ ಕಲಿಯಬಹುದು. ದೊಡ್ಡವರು ಸೊನ್ನೆಯಿಂದ ಶುರುಮಾಡಲೆಂದೇ ಬ್ಯಾಂಡುಗಳಿವೆ. ರಾಚೆಸ್ಟರಿನ ಈಸ್ಟ್‌ಮನ್ ಸಂಗೀತ ಶಾಲೆಯಲ್ಲಿ ರಾಯ್ ಅರ್ನ್‌ಸ್ಟ್ 1991ರಲ್ಲಿ ಕಟ್ಟಿದ ನ್ಯೂ ಹೊರೈಜನ್ಸ್ ಬ್ಯಾಂಡ್ ಹಿರಿಯರಿಗಾಗಿಯೇ ಹುಟ್ಟಿದ್ದು. ಅದರ ಮಾದರಿ ಮುಂದೆ ಅನೇಕ ಊರುಗಳಿಗೆ ಹಬ್ಬಿತು.

ಹಾಗಾದರೆ ಚಿಕ್ಕ ಕ್ಲಾರಿನೆಟ್ಟನ್ನು ಬಿಟ್ಟು ಆಲ್ಟೊವೇ ಏಕೆ? ನನ್ನ ಉತ್ತರ ಇಷ್ಟೆ: ಅದರ ದನಿ. ಚಿಕ್ಕ ಕ್ಲಾರಿನೆಟ್ಟಿಗಿಂತ ಐದು ಸ್ವರ ಕೆಳಗೆ, ಗಂಡಸರ ಮಂದ್ರದಿಂದ ಹೆಂಗಸರ ಮಧ್ಯಸ್ಥಾಯಿಯವರೆಗೆ ಅದು ಸಲೀಸಾಗಿ ಓಡಾಡುತ್ತದೆ. ಕಿವಿ ಕೊರೆಯುವ ಏರುದನಿಯಲ್ಲಿ ಮೊದಲ ತಿಂಗಳುಗಳನ್ನು ಕಳೆಯಬೇಕಿಲ್ಲ, ಪಕ್ಕದ ಮನೆಯವರಿಗೂ ನೆಮ್ಮದಿ. ಅದರ ಕೊಳವೆಯ ರಂಧ್ರಗಳ ಮೇಲೆ ಮುಚ್ಚಳದಂಥ ತಟ್ಟೆಗಳಿರುತ್ತವೆ. ಹಾಗಾಗಿ ಬೆರಳ ತುದಿಯಿಂದಲೇ ರಂಧ್ರವನ್ನು ಗಾಳಿಯಾಡದಂತೆ ಮುಚ್ಚುವ ಕಷ್ಟ ಇಲ್ಲಿಲ್ಲ. ತೆಳು ಬೆರಳಿನವರಿಗೆ, ಗಂಟುನೋವು ಇರುವವರಿಗೆ ಇದು ದೊಡ್ಡ ಅನುಕೂಲ.

ಒಂದು ಮಾತನ್ನು ಮುಂಚೆಯೇ ಹೇಳಿಬಿಡಬೇಕು. ಕರ್ನಾಟಕ ಸಂಗೀತದ ಗಮಕಕ್ಕಾಗಿ ಈ ವಾದ್ಯ ಹಿಡಿಯುವುದಾದರೆ ಬೇಡ. ತೆರೆದ ರಂಧ್ರದ ಮೇಲೆ ಬೆರಳನ್ನು ಮೆಲ್ಲಗೆ ಜಾರಿಸಿ ಸ್ವರವನ್ನು ಎಳೆಯಬಹುದು; ತಟ್ಟೆ ಬಂದಲ್ಲಿ ಆ ದಾರಿ ಮುಚ್ಚುತ್ತದೆ, ತುಟಿ ನಾಲಿಗೆಗಳಿಂದ ಎಷ್ಟು ಬಗ್ಗಿಸಲು ಸಾಧ್ಯವೋ ಅಷ್ಟೆ. ಗಮಕವೇ ಜೀವ ಎನ್ನುವವರಿಗೆ ತೆರೆದ ರಂಧ್ರದ ಚಿಕ್ಕ ಕ್ಲಾರಿನೆಟ್ಟೇ ಸರಿ.

ಈಗ ಶ್ರುತಿಯ ವಿಷಯ. ಹೊಸಬರು ಗೊಂದಲಕ್ಕೆ ಬೀಳುವುದು ಇಲ್ಲೇ, ಆದರೆ ನಮ್ಮ ಸಂಗೀತದ ಪರಿಚಯವಿದ್ದವರಿಗೆ ಇದು ಬಹಳ ಸುಲಭ. ಆಲ್ಟೊ ಕ್ಲಾರಿನೆಟ್ ‘ಇ ಫ್ಲ್ಯಾಟ್’ ವಾದ್ಯ. ಹಾಳೆಯ ಮೇಲೆ ‘ಸಿ’ ಎಂದು ಬರೆದಿದ್ದನ್ನು ನೀವು ನುಡಿಸಿದರೆ ಹೊರಡುವುದು ‘ಇ ಫ್ಲ್ಯಾಟ್’, ಅಂದರೆ ನಮ್ಮ ಲೆಕ್ಕದಲ್ಲಿ ಎರಡೂವರೆ ಮನೆ. ಹಾಳೆಯ ‘ಸಿ’ಯನ್ನು ಷಡ್ಜ ಎಂದುಕೊಳ್ಳಿ, ವಾದ್ಯ ಎರಡೂವರೆ ಮನೆ ಶ್ರುತಿಯಲ್ಲಿ ಹಾಡುತ್ತಿದೆ ಎಂದುಕೊಳ್ಳಿ, ಗೊಂದಲ ಮುಗಿಯಿತು. ಸ್ವರದ ಹೆಸರು ಒಂದೇ ಇದ್ದು ಶ್ರುತಿ ಬೇರೆಯಾಗುವುದಕ್ಕೆ ನಾವು ಚಿಕ್ಕಂದಿನಿಂದ ಒಗ್ಗಿದವರು.

ಕೊಳ್ಳುವ ಮುನ್ನ ಆತುರ ಬೇಡ. ಹೊಸದು ದುಬಾರಿ. ಯಮಾಹಾ, ಬುಫೆ ಕ್ರಾಂಪೊನ್, ಸೆಲ್ಮರ್ ಇವೆಲ್ಲ ತಯಾರಿಸುತ್ತವೆ, ಆದರೆ ಅಂಗಡಿಗೆ ಹೋಗಿ ಕೈಯಲ್ಲಿ ಹಿಡಿದು ನೋಡುವಷ್ಟು ಸುಲಭವಾಗಿ ಸಿಗುವುದಿಲ್ಲ. ಅಮೆರಿಕದಲ್ಲಿರುವವರು ಮೊದಲು ಹತ್ತಿರದ ಬ್ಯಾಂಡಿನವರನ್ನು ವಿಚಾರಿಸಿ. ಎಷ್ಟೋ ಬ್ಯಾಂಡುಗಳ ಬೀರುವಿನಲ್ಲಿ ನುಡಿಸುವವರಿಲ್ಲದೆ ಒಂದು ಆಲ್ಟೊ ಮಲಗಿರುತ್ತದೆ, ಕೇಳಿದವರಿಗೆ ಸಂತೋಷದಿಂದ ಕೊಡುತ್ತಾರೆ. ಮೈ ಪ್ಲಾಸ್ಟಿಕ್ಕಿನದೋ ಎಬೊನೈಟಿನದೋ ಆಗಿದ್ದರೆ ಹೊಸಬರಿಗೆ ಒಳ್ಳೆಯದು. ಮರದ ವಾದ್ಯ ಚಳಿಗಾಲದಲ್ಲಿ ಹೀಟರ್ ಹಾಕಿದ ಮನೆಯ ಒಣ ಗಾಳಿಗೆ ಬಿರುಕು ಬಿಡಬಲ್ಲದು, ಅದನ್ನು ಸಾಕುವ ಶಿಸ್ತು ಆಮೇಲೆ ಬರಲಿ. ಹಳೆಯ ವಾದ್ಯವಾದರೆ ರಿಪೇರಿಯವರ ಹತ್ತಿರ ತೋರಿಸದೆ ಹಣ ಕೊಡಬೇಡಿ. ತಟ್ಟೆಗಳ ಅಡಿಯ ಪ್ಯಾಡುಗಳಲ್ಲಿ ಒಂದು ಸ್ವಲ್ಪ ಸೋರಿದರೂ ಅದರ ಕೆಳಗಿನ ಸ್ವರಗಳೆಲ್ಲ ಕೆಡುತ್ತವೆ. ತಪ್ಪು ವಾದ್ಯದ್ದು ಎಂದು ತಿಳಿಯದೆ ತಮ್ಮನ್ನೇ ಹಳಿದುಕೊಂಡು ಕಲಿಕೆ ಬಿಟ್ಟವರನ್ನು ನೋಡಿ ನನಗೆ ಸಂಕಟವಾಗಿದೆ.

ಇನ್ನು ರೀಡ್. ಇದರ ಬಗ್ಗೆ ನಿಧಾನವಾಗಿ ಹೇಳಬೇಕು, ಏಕೆಂದರೆ ದನಿ ಹುಟ್ಟುವುದು ಇಲ್ಲೇ. ಜೊಂಡಿನಿಂದ ಸೀಳಿ, ತುದಿಯನ್ನು ಬೆಳಕು ತೂರುವಷ್ಟು ತೆಳುವಾಗಿ ಹೆರೆದ ಪಟ್ಟಿ ಅದು. ನಾಗಸ್ವರದ ಸೀವಾಳಿಯಲ್ಲಿ ಎರಡು ಪದರ ಒಂದಕ್ಕೊಂದು ಬಡಿಯುತ್ತವೆ. ಇಲ್ಲಿ ಒಂದೇ ಪಟ್ಟಿ, ಅದು ಮೌತ್‌ಪೀಸಿನ ಅಂಚಿಗೆ ಬಡಿಯುತ್ತದೆ. ಆಲ್ಟೊ ಕ್ಲಾರಿನೆಟ್ಟಿನದೇ ರೀಡ್ ಸಿಗದಿದ್ದರೆ ಆಲ್ಟೊ ಸ್ಯಾಕ್ಸೊಫೋನಿನ ರೀಡ್ ಹಾಕಿಕೊಳ್ಳುವವರು ಬಹಳ ಮಂದಿ, ಅದು ಚೆನ್ನಾಗಿಯೇ ನಡೆಯುತ್ತದೆ. ಗಡಸುತನ 2 ಅಥವಾ 2½ ಸಾಕು. ‘ದೊಡ್ಡ ನಂಬರ್ ಹಾಕಿದರೆ ದೊಡ್ಡ ವಿದ್ವಾಂಸ’ ಎಂಬ ಭ್ರಮೆ ಬೇಡ.

ಜೋಡಿಸುವುದು ಹೀಗೆ. ರೀಡಿನ ತುದಿಯನ್ನು ಬಾಯಲ್ಲಿಟ್ಟು ಒದ್ದೆ ಮಾಡಿ, ತುದಿಯ ಅಲೆಅಲೆ ಹೋಗಿ ಸಮವಾಗುವವರೆಗೆ ಕಾಯಿರಿ. ರೀಡನ್ನು ಹಿಡಿದಿಡುವ ಲಿಗೇಚರನ್ನು ಮೊದಲೇ ಮೌತ್‌ಪೀಸಿಗೆ ಸಡಿಲವಾಗಿ ಹಾಕಿಟ್ಟು, ರೀಡನ್ನು ಮೇಲಿನಿಂದ ಅದರೊಳಗೆ ಇಳಿಸಿ. ಹಾಗೆ ಮಾಡಿದರೆ ಲೋಹ ತಾಗಿ ತುದಿ ಮುರಿಯುವುದಿಲ್ಲ. ಈಗ ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ: ರೀಡಿನ ತುದಿಯ ಮೇಲೆ ಮೌತ್‌ಪೀಸಿನ ಕಪ್ಪು ಅಂಚು ಕೂದಲೆಳೆಯಷ್ಟು ಕಾಣಬೇಕು. ಹೆಚ್ಚು ಕಂಡರೆ ದನಿ ಸಡಿಲ, ಏನೂ ಕಾಣದಿದ್ದರೆ ಊದಲು ಬಿಗಿ. ಎಡಬಲಕ್ಕೆ ವಾಲಿದ್ದರೆ ಕೀಚಲು ಸದ್ದು ಗ್ಯಾರಂಟಿ. ಸ್ಕ್ರೂ ಮುರಿಯುವಂತೆ ತಿರುಗಿಸಬೇಡಿ, ರೀಡ್ ಅಲುಗದಿದ್ದರೆ ಸಾಕು. ಮೂರು ನಾಲ್ಕು ರೀಡುಗಳನ್ನು ಸರದಿಯಲ್ಲಿ ಬಳಸಿ. ಒಂದನ್ನೇ ನೆಚ್ಚಿಕೊಂಡರೆ ಅದು ಸತ್ತ ದಿನ ನಿಮ್ಮ ದನಿಯೂ ಸತ್ತಂತೆ ಅನಿಸುತ್ತದೆ.

ಕುರ್ಚಿಯ ಅಂಚಿನಲ್ಲಿ ನೆಟ್ಟಗೆ ಕುಳಿತುಕೊಳ್ಳಿ. ವಾದ್ಯದ ಭಾರವನ್ನು ನೆಲಕ್ಕೂರುವ ಕಡ್ಡಿಯೋ ಕೊರಳಪಟ್ಟಿಯೋ ಹೊರಲಿ, ಬಲಗೈ ಹೆಬ್ಬೆರಳಲ್ಲ. ವಾದ್ಯ ನಿಮ್ಮ ಬಾಯಿಗೆ ಬರಬೇಕು, ನೀವು ಕತ್ತು ಚಾಚಿ ಅದರ ಹತ್ತಿರ ಹೋಗಬಾರದು. ಕೆಳತುಟಿಯನ್ನು ಕೆಳಹಲ್ಲಿನ ಮೇಲೆ ತುಸುವೇ ಮಡಿಸಿ, ಮೇಲಿನ ಹಲ್ಲನ್ನು ಮೌತ್‌ಪೀಸಿನ ಮೇಲೆ ಊರಿ, ಬಾಯಿಯ ಎರಡೂ ಮೂಲೆಗಳನ್ನು ಒಳಗೆ ತನ್ನಿ. ಚಿಕ್ಕ ಕ್ಲಾರಿನೆಟ್ ನುಡಿಸಿ ಬಂದವರು ಅದಕ್ಕಿಂತ ಸ್ವಲ್ಪ ಹೆಚ್ಚೇ ಮೌತ್‌ಪೀಸನ್ನು ಬಾಯೊಳಗೆ ತೆಗೆದುಕೊಳ್ಳಬೇಕು, ಕಚ್ಚುವುದನ್ನು ಬಿಡಬೇಕು.

ದೊಡ್ಡವರಿಗೆ ಕಷ್ಟವಾಗುವುದು ಈ ಬಿಡುವುದೇ. ಮಗುವಿಗೆ ಸದ್ದು ಬರದಿದ್ದರೆ ಅದು ಇನ್ನೊಮ್ಮೆ ಊದುತ್ತದೆ. ದೊಡ್ಡವರು ಹಲ್ಲು ಕಚ್ಚುತ್ತಾರೆ, ಭುಜ ಏರಿಸುತ್ತಾರೆ, ಜೋರಾಗಿ ಊದುತ್ತಾರೆ. ಆಲ್ಟೊ ಇದಕ್ಕೆ ಬಗ್ಗುವ ವಾದ್ಯವೇ ಅಲ್ಲ. ಒತ್ತಿದಷ್ಟೂ ರೀಡ್ ಮುಚ್ಚಿಕೊಂಡು ದನಿ ಹಿಂಡಿದಂತಾಗುತ್ತದೆ. ಚಳಿಯಲ್ಲಿ ಅಂಗೈ ಬೆಚ್ಚಗೆ ಮಾಡಿಕೊಳ್ಳಲು ‘ಹಾ’ ಎಂದು ಬಿಡುತ್ತೇವಲ್ಲ, ಅಂಥ ಅಗಲವಾದ ಉಸಿರು ಬೇಕು. ಹೊಟ್ಟೆಯಿಂದ ಎಡೆಬಿಡದೆ ಬರಬೇಕು. ಗಂಟಲು ತೆರೆದಿರಲಿ, ನಾಲಿಗೆ ತಗ್ಗಿರಲಿ.

ಮೊದಲ ಪಾಠಕ್ಕೆ ಮೂರೇ ಸ್ವರ. ಎಡಗೈ ಹೆಬ್ಬೆರಳು ಹಿಂದೆ, ತೋರುಬೆರಳು ಮುಂದೆ: ಹಾಳೆಯ ‘ಇ’. ನಡುಬೆರಳು ಸೇರಿಸಿದರೆ ‘ಡಿ’, ಉಂಗುರಬೆರಳೂ ಬಂದರೆ ‘ಸಿ’. ನಮ್ಮ ಮಾತಿನಲ್ಲಿ ಶಂಕರಾಭರಣದ ಗ ರಿ ಸ. ತಂಬೂರಿ ಆ್ಯಪನ್ನು ಎರಡೂವರೆ ಮನೆಗೆ ಇಟ್ಟುಕೊಂಡು ಒಂದೊಂದು ಸ್ವರವನ್ನೂ ಉಸಿರು ಮುಗಿಯುವವರೆಗೆ ಹಿಡಿಯಿರಿ. ಸ್ವರ ಶ್ರುತಿಯಲ್ಲಿ ಬೆರೆತಾಗ ಕಿವಿಗೆ ಗೊತ್ತಾಗುತ್ತದೆ. ವರ್ಷಗಟ್ಟಲೆ ಸಂಗೀತ ಕೇಳಿದ ಕಿವಿ ನಿಮ್ಮ ಬಂಡವಾಳ, ಮಕ್ಕಳಿಗಿಲ್ಲದ ಬಂಡವಾಳ ಅದು. ಕೀಚಲು ಸದ್ದು ಬಂದರೆ ಮೊದಲು ತೋರುಬೆರಳನ್ನು ನೋಡಿಕೊಳ್ಳಿ. ಬಹುಪಾಲು ವಾದ್ಯಗಳಲ್ಲಿ ಆ ತಟ್ಟೆಯ ನಡುವೆ ಪುಟ್ಟ ತೂತಿರುತ್ತದೆ. ಅತಿ ಎತ್ತರದ ಸ್ವರಗಳಿಗಾಗಿ ಇಟ್ಟದ್ದು. ಉಳಿದಾಗ ಬೆರಳು ಅದನ್ನು ಪೂರ್ತಿ ಮುಚ್ಚಿರಬೇಕು.

ಕೆಲವು ವಾರಗಳಾದ ಮೇಲೆ ಒಂದು ಅಚ್ಚರಿ ಕಾದಿದೆ. ಕೊಳಲಿನಲ್ಲಿ ಅದೇ ಬೆರಳಿಟ್ಟು ಉಸಿರು ಬಿಗಿ ಮಾಡಿದರೆ ಷಡ್ಜ ಹೋಗಿ ತಾರಷಡ್ಜ ಬರುತ್ತದೆ. ಇಲ್ಲಿ ಷಡ್ಜದ ಬೆರಳಿಟ್ಟು, ಮೇಲಿನ ಸ್ವರಗಳಿಗೆ ದಾಟಿಸುವ ರಿಜಿಸ್ಟರ್ ಕೀಯನ್ನು ಹೆಬ್ಬೆರಳಿನಿಂದ ಒತ್ತಿದರೆ ತಾರಷಡ್ಜವನ್ನು ದಾಟಿ ಅದರ ಮೇಲಿನ ಪಂಚಮ ಬರುತ್ತದೆ! ಕ್ಲಾರಿನೆಟ್ಟಿನ ಕೊಳವೆ ಉದ್ದಕ್ಕೂ ಬಹುಮಟ್ಟಿಗೆ ಒಂದೇ ಅಗಲ, ರೀಡ್ ಇರುವ ತುದಿ ಮುಚ್ಚಿದಂತೆಯೇ ಲೆಕ್ಕ. ಅಂಥ ಕೊಳವೆಯಲ್ಲಿ ಮೂಲ ಕಂಪನದ ಎರಡು ಪಟ್ಟು ನಿಲ್ಲುವುದಿಲ್ಲ, ಮೂರು ಪಟ್ಟು ನಿಲ್ಲುತ್ತದೆ. ಮೂರು ಪಟ್ಟು ಎಂದರೆ ಒಂದು ಸ್ಥಾಯಿ ಮೇಲಿನ ಪಂಚಮವೇ. ಸ್ಯಾಕ್ಸೊಫೋನಿನ ಕೊಳವೆ ಕೆಳಗೆ ಹೋದಂತೆ ಅಗಲವಾಗುವುದರಿಂದ ಅದು ಕೊಳಲಿನಂತೆ ಸ್ಥಾಯಿಗೆ ಸ್ಥಾಯಿ ಹಾರುತ್ತದೆ.

ಇದರಿಂದಲೇ ಕ್ಲಾರಿನೆಟ್ಟಿನ ದೊಡ್ಡ ಕಷ್ಟವೂ ಹುಟ್ಟಿದ್ದು. ಕೆಳಗಿನ ಸ್ವರಗಳ ಸಾಲು ಮುಗಿಯುವಲ್ಲಿ, ಹಾಳೆಯ ‘ಎ’ ಸ್ವರಕ್ಕೆ, ತೋರುಬೆರಳೊಂದು ಒಂದು ಕೀಯನ್ನು ತಾಗಿರುತ್ತದೆ, ಅಷ್ಟೆ. ಅದರ ಮುಂದಿನ ‘ಬಿ’ಗೆ ಎರಡೂ ಕೈಯ ಬೆರಳುಗಳೆಲ್ಲ ಒಟ್ಟಿಗೆ ಇಳಿಯಬೇಕು, ಜೊತೆಗೆ ರಿಜಿಸ್ಟರ್ ಕೀ. ಇದನ್ನು ದಾಟಲು ಹಳೆಯ ಉಪಾಯವೊಂದಿದೆ: ‘ಎ’ ನುಡಿಸುವಾಗಲೇ ಬಲಗೈ ಬೆರಳುಗಳನ್ನು ಇಳಿಸಿಟ್ಟಿರಿ. ಆ ಸ್ವರಕ್ಕೆ ಅದರಿಂದ ಹೆಚ್ಚೇನೂ ವ್ಯತ್ಯಾಸವಾಗುವುದಿಲ್ಲ, ದನಿ ತುಸು ದುಂಡಗೇ ಆಗುತ್ತದೆ. ಆಮೇಲೆ ಎಡಗೈ ಇಳಿಸುವುದಷ್ಟೇ ಉಳಿಯಿತು. ಉಸಿರನ್ನು ಮಾತ್ರ ತಡೆಯಬೇಡಿ. ಎಲ್ಲರೂ ಎಡವುವುದು ಬೆರಳಿನಲ್ಲಿ ಅಲ್ಲ, ಹೆದರಿ ಉಸಿರು ಹಿಡಿಯುವುದರಲ್ಲಿ.

ದಿನಕ್ಕೆ ಇಪ್ಪತ್ತು ನಿಮಿಷ ಸಾಕು, ಆದರೆ ದಿನವೂ ಆಗಬೇಕು. ತುಟಿ ಸೋತ ಮೇಲೆ ಮುಂದುವರಿಸಿದರೆ ಮತ್ತೆ ಕಚ್ಚುವ ಚಾಳಿ ಬರುತ್ತದೆ. ಮುಗಿದ ಮೇಲೆ ನೆಕ್ಕಿನಲ್ಲಿ ನಿಂತ ನೀರನ್ನು ಕೊಡವಿ, ಒಳಗೆ ಬಟ್ಟೆ ಎಳೆದು ಒರೆಸಿ, ರೀಡನ್ನು ಅದರ ಪೆಟ್ಟಿಗೆಗೆ ಹಾಕಿಡಿ.

ಈ ವಾದ್ಯ ಬೇಕೇ ಬೇಡವೇ ಎಂದು ಬ್ಯಾಂಡಿನವರಲ್ಲೇ ಬಹುಕಾಲದಿಂದ ವಾದವಿದೆ. ಕೆಲವು ಬ್ಯಾಂಡುಗಳು ಅದನ್ನು ಕೈಬಿಟ್ಟಿವೆ. ನನಗೆ ಆ ನಿರ್ಧಾರ ಒಪ್ಪಿಗೆಯಿಲ್ಲ. ಸಂಯೋಜಕ ಪರ್ಸಿ ಗ್ರೇಂಜರ್ 1937ರ ‘ಲಿಂಕನ್‌ಶೈರ್ ಪೋಸಿ’ಯಲ್ಲಿ ಅದಕ್ಕೆ ಜಾಗ ಕೊಟ್ಟರು. ಅಮೆರಿಕದ ಅಧ್ಯಕ್ಷ ಕೆನಡಿಯವರ ನೆನಪಿಗೆ ಸ್ಟ್ರಾವಿನ್‌ಸ್ಕಿ 1964ರಲ್ಲಿ ಬರೆದ ಪುಟ್ಟ ಶೋಕಗೀತೆಯಲ್ಲಿ ಹಾಡುವ ದನಿಯ ಜೊತೆಗಿರುವುದು ಮೂರು ಕ್ಲಾರಿನೆಟ್ ಮಾತ್ರ, ಅವುಗಳಲ್ಲಿ ಒಂದು ಆಲ್ಟೊ. ಕೇಳಿ ನೋಡಿ. ಎದ್ದು ಕಾಣದೆ ನಡುವೆ ನಿಂತು ಮೇಲಿನ ದನಿಗೂ ಕೆಳಗಿನ ದನಿಗೂ ಮೈ ತುಂಬುವ ಕೆಲಸ ಅದರದು.

ಬ್ಯಾಂಡಿಗೆ ಮೊದಲ ದಿನ ಹೋದಾಗ ಎಲ್ಲರೂ ಬಿ ಫ್ಲ್ಯಾಟಿಗೆ ಶ್ರುತಿ ಸೇರಿಸುತ್ತಾರೆ. ನಿಮ್ಮ ಹಾಳೆಯಲ್ಲಿ ಅದು ‘ಜಿ’. ಆಲ್ಟೊ ಕ್ಲಾರಿನೆಟ್ಟಿಗೆಂದು ಬರೆದ ಹಾಳೆ ಇಲ್ಲವೆಂದು ನಿರ್ದೇಶಕರು ಹೇಳಿದರೆ ಪೆಚ್ಚಾಗಬೇಡಿ, ಆಲ್ಟೊ ಸ್ಯಾಕ್ಸೊಫೋನಿನ ಹಾಳೆಯ ಪ್ರತಿ ಕೇಳಿ ಪಡೆಯಿರಿ. ಅದೂ ‘ಇ ಫ್ಲ್ಯಾಟ್’ ವಾದ್ಯವೇ, ಅಲ್ಲಿ ಬರೆದದ್ದನ್ನು ಇದ್ದ ಹಾಗೆಯೇ ಓದಿ ನುಡಿಸಬಹುದು. ಕಷ್ಟದ ಸಾಲು ಬಂದರೆ ಬಿಟ್ಟುಬಿಡಿ, ತಾಳ ಎಣಿಸುತ್ತಿರಿ, ಉದ್ದನೆಯ ಸ್ವರ ಬಂದಲ್ಲಿ ಮತ್ತೆ ಸೇರಿಕೊಳ್ಳಿ.