ಸಂತೋಷದ ಅಭ್ಯಾಸಗಳು: ಫಲವೆಷ್ಟು, ಮಿತಿಯೇನು?

ರಾತ್ರಿ ಮಲಗುವ ಮುನ್ನ ಅಂದು ಒದಗಿದ ಮೂರು ಒಳಿತುಗಳನ್ನು ಬರೆದಿಟ್ಟರೆ ಮನಸ್ಸಿನ ದುಗುಡ ತಗ್ಗುವುದೆ? ಉಪಕಾರ ಮಾಡಿದವರಿಗೆ ಕೃತಜ್ಞತೆಯ ಪತ್ರವೊಂದನ್ನು ಬರೆದು ತಾನೇ ಹೋಗಿ ಒಪ್ಪಿಸಿದರೆ ನೆಮ್ಮದಿ ಹೆಚ್ಚುವುದೆ? ನಿಯಮಪೂರ್ವಕವಾದ ಸಣ್ಣ ಆಚರಣೆಯಿಂದ ಮನಸ್ಸನ್ನು ತಿದ್ದಬಹುದೆಂಬ ಮಾತು ವ್ರತನಿಷ್ಠ ಗೃಹಸ್ಥರಿಗೆ ಹೊಸದಲ್ಲ. ಆದರೆ ಇಂತಹ ಅಭ್ಯಾಸಗಳ ಫಲವನ್ನು ಅಳೆದು ನೋಡುವ ಪ್ರಯತ್ನವು ಇತ್ತೀಚಿನದು. ಅದರ ನಿರ್ಣಯವೇನೆಂಬುದು ವಿಚಾರಾರ್ಹವಾಗಿದೆ.

೧೯೯೮ರಲ್ಲಿ ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್ನಿನ ಅಧ್ಯಕ್ಷರಾಗಿದ್ದ ಮಾರ್ಟಿನ್ ಸೆಲಿಗ್ಮನ್‌ರು, ಮನೋವಿಜ್ಞಾನವು ರೋಗವನ್ನು ಮಾತ್ರವಲ್ಲದೆ ಮನುಷ್ಯನ ಸದ್ಗುಣ, ಸಾಮರ್ಥ್ಯ, ಸಂತೃಪ್ತಿಗಳನ್ನೂ ಅಭ್ಯಸಿಸಬೇಕೆಂದು ಪ್ರತಿಪಾದಿಸಿದರು. ಈ ಶಾಖೆಗೆ ಸಕಾರಾತ್ಮಕ ಮನೋವಿಜ್ಞಾನವೆಂಬ ಹೆಸರು ರೂಢಿಯಾಯಿತು.

೨೦೦೫ರಲ್ಲಿ ಅವರೂ ಅವರ ಸಹಯೋಗಿಗಳೂ ಪ್ರಕಟಿಸಿದ ಪರೀಕ್ಷೆಯಲ್ಲಿ ೫೭೭ ಮಂದಿ ಸೇರಿದ್ದರು. ೪೧೧ ಮಂದಿ ಕೊನೆಯವರೆಗೆ ಉಳಿದರು. ಕೆಲವರಿಗೆ ಒಂದು ವಾರದ ಮಟ್ಟಿಗೆ ಐದು ಅಭ್ಯಾಸಗಳಲ್ಲಿ ಒಂದನ್ನು ವಿಧಿಸಲಾಯಿತು. ಹೋಲಿಕೆಯ ಗುಂಪಿನವರಿಗೆ ಬಾಲ್ಯದ ನೆನಪುಗಳನ್ನು ಬರೆಯಲು ಹೇಳಲಾಯಿತು. ಇಂತಹ ಗುಂಪು ಏಕೆ ಬೇಕು? ಏನನ್ನಾದರೂ ಶ್ರದ್ಧೆಯಿಂದ ಮಾಡಿದಾಗ, ಒಳ್ಳೆಯದಾಗುವುದೆಂಬ ನಿರೀಕ್ಷೆಯಿಂದಲೇ ಮನಸ್ಸು ಕೊಂಚ ಹಗುರಾಗುವುದುಂಟು. ಆ ಪಾಲನ್ನು ಕಳೆದ ಮೇಲೆ ಉಳಿಯುವುದೇ ಅಭ್ಯಾಸದ ನಿಜವಾದ ಫಲ. ದಿನವೂ ಮೂರು ಒಳಿತುಗಳನ್ನೂ ಅವುಗಳ ಕಾರಣಗಳನ್ನೂ ಬರೆದವರಲ್ಲಿ, ಹಾಗೆಯೇ ತಮ್ಮ ವಿಶೇಷ ಗುಣವೊಂದನ್ನು ಹೊಸ ರೀತಿಯಲ್ಲಿ ಬಳಸಿದವರಲ್ಲಿ ಆರು ತಿಂಗಳವರೆಗೂ ಸಂತೋಷ ಹೆಚ್ಚಿ ಖಿನ್ನತೆಯ ಲಕ್ಷಣಗಳು ತಗ್ಗಿದ್ದವು. ಕೃತಜ್ಞತೆಯ ಪತ್ರದ ಫಲವು ಮೊದಲಿಗೆ ದೊಡ್ಡದಾಗಿದ್ದರೂ ಸುಮಾರು ಒಂದು ತಿಂಗಳಷ್ಟೇ ಉಳಿಯಿತು. ವಾರ ಮುಗಿದ ಬಳಿಕವೂ ಸ್ವಂತ ಇಚ್ಛೆಯಿಂದ ಮುಂದುವರಿಸಿದವರಿಗೆ ಲಾಭವು ಹೆಚ್ಚು ಕಾಲ ನಿಂತಿತು.

ಆದರೆ ಒಂದೇ ಪರೀಕ್ಷೆಯಿಂದ ಸಿದ್ಧಾಂತ ಮಾಡಲಾಗದು. ೨೦೧೨ರಲ್ಲಿ ಕೆನಡಾದ ಸಂಶೋಧಕರು ಇದನ್ನು ಪುನಃ ಪರೀಕ್ಷಿಸಿದರು. ಅಭ್ಯಾಸಗಳಿಂದ ಸಂತೋಷವು ಹೆಚ್ಚಿತು. ಕೇವಲ ಸಿಹಿಯಾದ ಹಳೆಯ ನೆನಪುಗಳನ್ನು ಬರೆದವರಲ್ಲಿಯೂ ಹೆಚ್ಚಿತು! ಖಿನ್ನತೆಯನ್ನು ತಗ್ಗಿಸುವುದರಲ್ಲಿ ಅಭ್ಯಾಸಗಳು ಹೋಲಿಕೆಯ ಗುಂಪನ್ನು ಮೀರಲಿಲ್ಲ. ೨೦೧೩ರಲ್ಲಿ ೩೯ ಅಧ್ಯಯನಗಳನ್ನೂ ಅವುಗಳಲ್ಲಿದ್ದ ೬,೧೩೯ ಜನರನ್ನೂ ಒಟ್ಟಾಗಿ ಪರಿಶೀಲಿಸಿದಾಗ, ಫಲವು ನಿಜವಾದರೂ ಅಲ್ಪವೆಂದು ಕಂಡುಬಂದಿತು. ೨೦೧೯ರ ಮರುಪರಿಶೀಲನೆಯು, ಚಿಕ್ಕ ಅಧ್ಯಯನಗಳು ಲಾಭವನ್ನು ಹಿಗ್ಗಿಸಿ ತೋರಿಸಿದ್ದವೆಂದೂ, ಅದನ್ನು ಸರಿಪಡಿಸಿದರೆ ನೆಮ್ಮದಿಯ ಹೆಚ್ಚಳವು ಮತ್ತಷ್ಟು ಚಿಕ್ಕದೆಂದೂ ತಿಳಿಸಿತು.

ಆದುದರಿಂದ ಉತ್ತರವಿದು: ಸಕಾರಾತ್ಮಕ ಅಭ್ಯಾಸಗಳು ಸಾಮಾನ್ಯವಾಗಿ ಮನಸ್ಸಿಗೆ ಸ್ವಲ್ಪ ಹಿತವನ್ನುಂಟುಮಾಡುತ್ತವೆ, ಜೀವನವನ್ನೇ ಬದಲಿಸುವುವೆಂಬುದು ಅತಿಶಯೋಕ್ತಿ. ಹೆಚ್ಚು ಮಾಡಿದಷ್ಟೂ ಹೆಚ್ಚು ಫಲವೆಂಬುದೂ ನಿಯಮವಲ್ಲ. ಸೋನ್ಯಾ ಲ್ಯುಬೊಮಿರ್ಸ್ಕಿಯವರ ಆರು ವಾರಗಳ ಪರೀಕ್ಷೆಯೊಂದರಲ್ಲಿ, ತಮಗೆ ದೊರೆತ ಒಳಿತುಗಳನ್ನು ವಾರಕ್ಕೊಮ್ಮೆ ಎಣಿಸಿದವರಿಗೆ ಲಾಭವಾಯಿತು. ವಾರಕ್ಕೆ ಮೂರು ಬಾರಿ ಎಣಿಸಿದವರಿಗೆ ಆಗಲಿಲ್ಲ. ಭಾವವಿಲ್ಲದ ಎಣಿಕೆಯು ಯಾಂತ್ರಿಕವಾಗುವುದೆಂಬುದು ಜಪಮಾಲೆ ಹಿಡಿದವರಿಗೆ ತಿಳಿಯದ ವಿಷಯವಲ್ಲ.

ಇಲ್ಲಿ ಒಂದು ಭೇದವನ್ನು ಗಮನಿಸಬೇಕು. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಹೇಳಿರುವ ಮೈತ್ರಿ, ಪ್ರಮೋದ, ಕಾರುಣ್ಯ, ಮಾಧ್ಯಸ್ಥ್ಯಗಳಲ್ಲಿ ಪ್ರಮೋದವೆಂದರೆ ಗುಣಾಧಿಕರನ್ನು ಕಂಡು ಹರ್ಷಿಸುವುದು. ಕೃತಜ್ಞತೆಯ ಅಭ್ಯಾಸವು ಮೇಲ್ನೋಟಕ್ಕೆ ಇದರ ಸಮೀಪದಲ್ಲಿದೆ. ಆದರೆ ವ್ರತಭಾವನೆಯ ಗುರಿ ಆತ್ಮಶುದ್ಧಿ. ಈ ಅಭ್ಯಾಸಗಳ ಗುರಿ ಲೌಕಿಕ ನೆಮ್ಮದಿ. ಸಂಶೋಧಕರು ಅಳೆದುದು ಎರಡನೆಯದನ್ನು ಮಾತ್ರ. ಆ ಅಂಕಿಗಳಿಂದ ವ್ರತದ ಫಲವನ್ನು ಸಾಧಿಸಲೂ ಕೂಡದು, ಖಂಡಿಸಲೂ ಕೂಡದು.

ಗೃಹಸ್ಥರು ಮರೆಯಬಾರದ ಎಚ್ಚರಿಕೆಯೊಂದಿದೆ. ಎರಡು ವಾರಗಳಿಗೂ ಮೀರಿ ಮನಸ್ಸು ಕುಗ್ಗಿರುವುದು, ಯಾವುದರಲ್ಲಿಯೂ ಆಸಕ್ತಿಯಿಲ್ಲದಿರುವುದು, ನಿದ್ರೆ ಕೆಡುವುದು, ಅನ್ನ ಸೇರದಿರುವುದು ಖಿನ್ನತೆಯ ರೋಗಲಕ್ಷಣಗಳಾಗಿರಬಹುದು. ಉಪವಾಸದ ಪರಿಪಾಠವಿರುವ ಮನೆಗಳಲ್ಲಿ ಇಂತಹ ಅರುಚಿಯನ್ನು ವೈರಾಗ್ಯವೆಂದು ಭ್ರಮಿಸುವ ಸಂಭವವುಂಟು. ವೈರಾಗ್ಯದಲ್ಲಿ ಶಾಂತಿಯೂ ವಿವೇಕವೂ ಇರುತ್ತವೆ, ಖಿನ್ನತೆಯಲ್ಲಿ ಹತಾಶೆಯಿರುತ್ತದೆ. ಅಂತಹವರಿಗೆ “ಒಳ್ಳೆಯದನ್ನು ನೆನೆ, ಸರಿಹೋಗುವುದು” ಎಂದು ಉಪದೇಶಿಸಿದರೆ, ಸರಿಹೋಗದಿರುವುದೂ ತಮ್ಮದೇ ತಪ್ಪೆಂದು ಅವರು ಮತ್ತಷ್ಟು ನೋಯುವರು. ಅವರ ಮಾತನ್ನು ಸಹನೆಯಿಂದ ಕೇಳಿ ವೈದ್ಯರಲ್ಲಿಗೆ ಕರೆದೊಯ್ಯುವುದೇ ಕರ್ತವ್ಯ. ೨೦೨೨ರಲ್ಲಿ ಆರಂಭವಾದ ಟೆಲಿ ಮಾನಸ್ ದೂರವಾಣಿ ೧೪೪೧೬ರಲ್ಲಿ ಕನ್ನಡದಲ್ಲಿಯೂ ಉಚಿತ ಸಲಹೆ ದೊರೆಯುತ್ತದೆ.

ಉಳಿದವರು ಈ ಅಭ್ಯಾಸಗಳಲ್ಲಿ ತಮಗೆ ಒಪ್ಪುವ ಒಂದನ್ನು ಆರಿಸಿಕೊಂಡು ಕೆಲವು ವಾರ ಮಾಡಿ ನೋಡಬಹುದು. ಹಿತವೆನಿಸಿದರೆ ಮುಂದುವರಿಸಬಹುದು, ಹಿತವೆನಿಸದಿದ್ದರೆ ಖೇದಪಡದೆ ಬಿಡಬಹುದು. ಸ್ವಲ್ಪವೇ ಆದರೂ ನಿಜವಾದ ಲಾಭವನ್ನು ಅಲ್ಲಗಳೆಯದಿರುವುದೂ, ಅದನ್ನು ಹಿಗ್ಗಿಸಿ ಹೇಳದಿರುವುದೂ ಸತ್ಯನಿಷ್ಠರ ಲಕ್ಷಣ.