ನೆರಳಿನ ಮೂಲೆಗೆ ಹಿಪ್ಪಲಿ

ಮಾವಿನ ಮರದ ಬುಡ, ಬಾವಿಕಟ್ಟೆಯ ಪಕ್ಕ, ಎತ್ತರದ ಕಾಂಪೌಂಡಿನ ಮಗ್ಗುಲು. ಇಂಥ ಕಡೆ ಗುಲಾಬಿ ನೆಟ್ಟು ಸೊರಗಿಸುವ ಬದಲು ಹಿಪ್ಪಲಿ ಹಬ್ಬಿಸಿ. ಪಶ್ಚಿಮ ಘಟ್ಟದ ಕಾಡಿನಲ್ಲಿ ದೊಡ್ಡ ಮರಗಳ ಅಡಿಯಲ್ಲೇ ಬೆಳೆಯುವ ಬಳ್ಳಿ ಇದು, ಕಾಳುಮೆಣಸು ಮತ್ತು ವೀಳ್ಯದೆಲೆಯ ಬಳಗ. ತೇವ ಆರದಿದ್ದರೆ ವರ್ಷವಿಡೀ ಹಸಿರು.

ಗಿಡ ತರುವಾಗಲೇ ಎಚ್ಚರ ಬೇಕು. ಮಲೆನಾಡಿನ ನರ್ಸರಿಗಳಲ್ಲಿ ಮೆಣಸಿನ ಕಸಿಗೆ ಬಳಸುವ ದಕ್ಷಿಣ ಅಮೆರಿಕದ ಕೊಲುಬ್ರಿನಂ ಗಿಡಕ್ಕೂ ಹಿಪ್ಪಲಿ ಎಂದೇ ಹೇಳುತ್ತಾರೆ. ಅದು ನೆಟ್ಟಗೆ ಏಳುತ್ತದೆ. ಜೌಗನ್ನೂ ಸೊರಗು ರೋಗವನ್ನೂ ತಾಳಿಕೊಳ್ಳುತ್ತದೆ. ಕಸಿಗೆ ಒಳ್ಳೆಯದು, ಔಷಧಿಯ ಹಿಪ್ಪಲಿ ಮಾತ್ರ ಅದಲ್ಲ. ನಮಗೆ ಬೇಕಾದದ್ದು ನೆಲದ ಮೇಲೆ ಹರಿಯುವ, ಹೃದಯಾಕಾರದ ಎಲೆಯ ಬಳ್ಳಿ. ಅದರಲ್ಲೂ ಗಂಡು, ಹೆಣ್ಣು ಬೇರೆ ಬೇರೆ. ಗಂಡಿನ ತೆನೆ ಸಪೂರ, ಉದ್ದ. ಹೆಣ್ಣಿನದು ಗಿಡ್ಡ, ದಪ್ಪ. ಬಳಕೆಗೆ ಬರುವುದು ಇದೇ. ಆದ್ದರಿಂದ ಕಾಯಿ ಹಿಡಿದ ಬಳ್ಳಿಯಿಂದಲೇ ತುಂಡು ಕೇಳಿ ಪಡೆಯಿರಿ. ಕೇರಳ ಕೃಷಿ ವಿಶ್ವವಿದ್ಯಾಲಯದ ‘ವಿಶ್ವಂ’ ತಳಿ ಸಿಕ್ಕರೆ ಇನ್ನೂ ಒಳ್ಳೆಯದು.

ಮಾರ್ಚ್–ಏಪ್ರಿಲ್‌ನಲ್ಲಿ 3ರಿಂದ 5 ಗೆಣ್ಣಿರುವ ತುಂಡುಗಳನ್ನು ಮಣ್ಣು, ಮರಳು, ಗೊಬ್ಬರ ತುಂಬಿದ ಚೀಲದಲ್ಲಿ ಊರಿ ನೆರಳಲ್ಲಿಡಿ. ಮುಂಗಾರು ಹಿಡಿಯುತ್ತಿದ್ದಂತೆ ಎರಡೆರಡು ಅಡಿ ಅಂತರದಲ್ಲಿ ನೆಡಿ. ನೀರು ನಿಲ್ಲುವ ಜಾಗವಾದರೆ ಮಣ್ಣು ಏರಿಸಿ ಮಡಿ ಮಾಡಿಕೊಳ್ಳಿ, ಇಲ್ಲವಾದರೆ ಬೇರು ಕೊಳೆಯುತ್ತದೆ. ನೆರಳಿನ ಗಿಡವೆಂದು ಕತ್ತಲೆಗೆ ತಳ್ಳಬೇಡಿ. ಕೊಂಬೆಗಳ ಸಂದಿನಿಂದ ಬಿಸಿಲು ಚುಕ್ಕಿಯಾಗಿ ಬೀಳಲೇಬೇಕು.

ಸೆಗಣಿಗೊಬ್ಬರ ವರ್ಷಕ್ಕೊಮ್ಮೆ ಸಾಕು. ಕಷ್ಟವೆಲ್ಲ ಬೇಸಿಗೆಯದು. ಬುಡಕ್ಕೆ ದಪ್ಪಗೆ ತರಗೆಲೆ ಮುಚ್ಚಿ, ಮಣ್ಣು ಒಣಗದಂತೆ ನೀರು ಕೊಡಿ. ನೀರಿದ್ದೂ ಎಲೆ ಹಳದಿಯಾದರೆ ಬುಡ ಕೆದಕಿ ನೋಡಿ: ಬೇರಿಗೆ ಬಿಳಿ ಹಿಟ್ಟು ತಿಗಣೆ ಅಂಟಿರಬಹುದು. ಅಂಥ ಬಳ್ಳಿಯನ್ನು ಕಿತ್ತು ಸುಟ್ಟುಬಿಡುವುದೇ ಮೇಲು.

ನೆಟ್ಟ ಆರು ತಿಂಗಳಿಗೆ ತೆನೆ ಶುರುವಾಗುತ್ತದೆ. ಹಣ್ಣಾಗಲು ಬಿಡದೆ, ಕಪ್ಪು ಮಿಶ್ರಿತ ಹಸಿರು ಬಣ್ಣಕ್ಕೆ ತಿರುಗಿದಾಗ ಕೊಯ್ಯಿರಿ. 4–5 ದಿನ ಬಿಸಿಲಲ್ಲಿ ಒಣಗಿಸಿ ಡಬ್ಬಿಗೆ ಹಾಕಿ. ಶುಂಠಿ, ಕಾಳುಮೆಣಸಿನ ಜೊತೆ ಸೇರಿದರೆ ತ್ರಿಕಟು ಎಂಬ ಆಯುರ್ವೇದದ ಮದ್ದು. ಗರ್ಭಿಣಿಯರು ಮಾತ್ರ ವೈದ್ಯರನ್ನು ಕೇಳದೆ ಬಳಸಬಾರದು.

ಮೂರು ವರ್ಷದ ಮೇಲೆ ಕಾಯಿ ಕಡಿಮೆಯಾಗುತ್ತದೆ. ಆಗ ಹಳೆ ಬಳ್ಳಿ ಅಗೆದು ಹೊಸದನ್ನು ನೆಡಿ. ಅಗೆದ ಬೇರನ್ನು ಎಸೆಯಬೇಡಿ. ತೊಳೆದು ಒಣಗಿಸಿದರೆ ಗ್ರಂಥಿಗೆ ಅಂಗಡಿಯಲ್ಲಿ ಮಾರುವ ಹಿಪ್ಪಲಿ ಮೂಲ ಅದೇ.